ಸಿಲಿಂಡರ್ ೮೨೬, ಹೆಡ್ ೧೬, ಸೆಕ್ಟರ್ ೬೩

ಮಗನ ಜವಳಕ್ಕೆ ಬಾದಾಮಿ, ಗೋಡಂಬಿ, ಒಣದ್ರಾಕ್ಷಿ ತರಬೇಕಿತ್ತು. ನಾವಿರುವ ಕೊಂಡಾಪುರದಲ್ಲಿ ಇವೆಲ್ಲ ಮೊಬೈಲ್ ಒತ್ತಿದರೆ ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುತ್ತವೆ. ಆದರೆ ಐದೈದು ಕಿಲೋ ಬೇಕಾದಾಗ ಹೈದರಾಬಾದಿನವರು ಹೋಗುವುದು ಬೇಗಂ ಬಜಾರಿಗೇ. ನಾನೂ ಹೋದೆ. ಮೆಟ್ರೋದಲ್ಲಿ ಅಮೀರ್‌ಪೇಟೆಗೆ ಬಂದು, ಅಲ್ಲಿ ಗಾಡಿ ಬದಲಿಸಿ, ಗಾಂಧಿ ಭವನದಲ್ಲಿ ಇಳಿದು ಆಟೋ ಹಿಡಿದೆ. ಅಂಗಡಿ ಹುಡುಕುವ ಕೆಲಸವೇನೂ ಇರಲಿಲ್ಲ. ನನ್ನ ಅಪ್ಪ 19 ವರ್ಷ ಮುನೀಮಿಕೆ ಮಾಡಿದ ಅಂಗಡಿಯ ಎದುರಿನ ಅಂಗಡಿಗೆ ಹೋಗುವುದೆಂದು ಮನೆಯಲ್ಲೇ ತೀರ್ಮಾನಿಸಿದ್ದೆ. ಎದುರಿನದಕ್ಕೆ, ಅದಕ್ಕಲ್ಲ.

ಬೇಗಂ ಬಜಾರ್ ನೋಡದವರಿಗೆ ಎರಡು ಮಾತು. ಎರಡನೆಯ ಅಸಫ್ ಜಾ ನಿಜಾಮ್ ಅಲಿ ಖಾನನ ಬೇಗಂ ವ್ಯಾಪಾರಿಗಳಿಗೆ ಕೊಟ್ಟ ಜಾಗವಿದು, ಅದಕ್ಕೇ ಈ ಹೆಸರು ಎನ್ನುತ್ತಾರೆ. ಅಫ್ಜಲ್‌ಗಂಜ್, ಉಸ್ಮಾನಿಯಾ ಆಸ್ಪತ್ರೆ, ಮೂಸಿ ನದಿ ಎಲ್ಲ ಪಕ್ಕದಲ್ಲೇ. ಒಂದು ಗಲ್ಲಿಯಲ್ಲಿ ಸ್ಟೀಲ್, ಹಿತ್ತಾಳೆ ಪಾತ್ರೆ, ಇನ್ನೊಂದರಲ್ಲಿ ಮೆಣಸಿನಕಾಯಿ, ಜೀರಿಗೆ, ಮೇವಾ. ಬೀದರ, ಕಲಬುರಗಿ, ಹುಮನಾಬಾದ, ಭಾಲ್ಕಿಯ ಕಿರಾಣಿ ಅಂಗಡಿಯವರು ಮೊದಲಿನಿಂದಲೂ ಮಾಲು ತರುತ್ತಿದ್ದದ್ದು ಇಲ್ಲಿಂದ. ಬೀದರಿನಿಂದ ಜಹೀರಾಬಾದ್ ಮೇಲೆ ಸುಮಾರು 140 ಕಿಲೋಮೀಟರ್. ಬೆಳಿಗ್ಗೆ ಬಸ್ಸು ಹತ್ತಿದರೆ ರಾತ್ರಿಗೆ ಮಾಲಿನ ಸಮೇತ ಮನೆಗೆ ವಾಪಸ್. ಈ ಗಲ್ಲಿಗಳಲ್ಲಿ ಕನ್ನಡ ಗೊತ್ತಿರುವ ಒಬ್ಬ ಮುನೀಮನಿದ್ದರೆ ಸೇಠರಿಗೆ ಅನುಕೂಲ. ಅಪ್ಪ ಅಂಥ ಮುನೀಮ. ವಾರವೆಲ್ಲ ಅಂಗಡಿಯ ಮೇಲಿನ ಕೋಣೆಯಲ್ಲಿ ವಾಸ. ಶನಿವಾರ ರಾತ್ರಿಯ ಬಸ್ಸಿಗೆ ಊರು, ಸೋಮವಾರ ನಸುಕಿಗೆ ಮತ್ತೆ ಬಜಾರು.

ನಾನು ಬಾದಾಮಿ ತೂಗಿಸುತ್ತಿದ್ದಾಗ ಎದುರಿನ ಅಂಗಡಿಯಿಂದ ಒಬ್ಬರು ನೋಡುತ್ತಲೇ ಇದ್ದರು. ಸೇಠರ ಮಗ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ರಸ್ತೆ ದಾಟಿ ಬಂದರು. "ಮುನೀಮ್‌ಜಿ ಕೆ ಬೇಟೆ ಹೈ ನಾ ತುಮ್?" ಇಲ್ಲ ಎನ್ನಲಾಗಲಿಲ್ಲ. ಚಹಾ ತರಿಸಿದರು. ದೊಡ್ಡ ಸೇಠರು ತೀರಿಕೊಂಡು ನಾಲ್ಕು ವರ್ಷವಾಯಿತಂತೆ. ಕಟ್ಟಡ ಹಳೆಯದು, ಕೆಡವಿ ಕಟ್ಟಿಸುತ್ತಿದ್ದಾರಂತೆ. ಅಟ್ಟದ ಮೇಲಿನ ಸಾಮಾನೆಲ್ಲ ಗುರುವಾರ ಜುಮೇರಾತ್ ಬಜಾರಿಗೆ ಹೋಗುತ್ತದೆ ಎಂದರು. ಹಳೆ ಸಾಮಾನಿನ ಆ ಸಂತೆ ಅಲ್ಲಿಂದ ಕೂಗಳತೆ ದೂರ. "ನಿಮ್ಮ ತಂದೆಯ ಕಂಪ್ಯೂಟರ್ ಕೂಡ ಇದೆ, ನೋಡ್ತೀಯಾ?" ಎಂದು ಹಿಂದಿಯಲ್ಲಿ ಕೇಳಿ ನಕ್ಕರು. ಅವರು ಹಳೆಯದೇನನ್ನೂ ಮನಸ್ಸಿನಲ್ಲಿಟ್ಟುಕೊಂಡು ಕೇಳಿದ್ದಲ್ಲ. ಅವರಿಗೆ ಅದು ಬರೀ ಹಳೇ ಡಬ್ಬ.

ನನಗೆ ಹಾಗಲ್ಲ.

1995ರಲ್ಲಿ ಅದು ಅಂಗಡಿಗೆ ಬಂದಾಗ ನನಗೆ ಎಂಟು ವರ್ಷ. ಬೇಸಿಗೆ ರಜೆಯಲ್ಲಿ ಅಪ್ಪನ ಜೊತೆ ಹೋಗಿ ವಾರಗಟ್ಟಲೆ ಇರುತ್ತಿದ್ದೆ. ಗಾದಿಯ ಪಕ್ಕದಲ್ಲಿ ಮರದ ಮೇಜು, ಮೇಲೆ ಕಂಪ್ಯೂಟರು, ಅದಕ್ಕೆ ಹಳದಿ ಬಟ್ಟೆಯ ಹೊದಿಕೆ. ದೀಪಾವಳಿಯಲ್ಲಿ ವಹಿಗಳ ಜೊತೆ ಅದಕ್ಕೂ ಕುಂಕುಮ. ಮುಂದೆ ಟರ್ಬೊ ಎಂಬ ಗುಂಡಿ, ಪಕ್ಕದಲ್ಲಿ ಕೆಂಪು ಅಂಕಿಯಲ್ಲಿ 66. ಗುಂಡಿ ಒತ್ತಿದರೆ ಅಂಕಿ ಬದಲಾಗುತ್ತಿತ್ತು. ನಾನು ಒತ್ತಿ ಒತ್ತಿ ಬೈಸಿಕೊಂಡಿದ್ದೇನೆ. ಆ ಅಂಕಿ ಏನನ್ನೂ ಅಳೆಯುತ್ತಿರಲಿಲ್ಲ, ಹಿಂದೆ ಜಂಪರ್ ಹೇಗೆ ಹಾಕಿದ್ದರೋ ಹಾಗೆ ತೋರಿಸುತ್ತಿತ್ತು ಎಂಬುದು ತಿಳಿದದ್ದು ಇಂಜಿನಿಯರಿಂಗ್ ಮುಗಿಸಿದ ಮೇಲೆ. 99 ಎಂದು ಜಂಪರ್ ಹಾಕಿದ್ದರೆ 99 ಎಂದೇ ತೋರಿಸುತ್ತಿತ್ತು.

1999ರ ಏಪ್ರಿಲ್‌ನಲ್ಲಿ ವರ್ಷದ ಲೆಕ್ಕ ಮುಗಿಸುವಾಗ ಏಳು ಪಾರ್ಟಿಗಳ ಉದ್ರಿ ಬಾಕಿ ಎಂದು ಕಂಪ್ಯೂಟರ್ ತೋರಿಸಿತು. ಕೇಳಿದರೆ ಏಳೂ ಜನ, "ನಾವು ಕೊಟ್ಟೀವಿ, ಮುನೀಮರ ಕೈಯಾಗ ಕೊಟ್ಟೀವಿ" ಎಂದರು. ಹುಮನಾಬಾದದ ಒಬ್ಬರಂತೂ ಬಸ್ಸು ಹತ್ತಿ ಬಂದು ಎದುರು ನಿಂತು ಹೇಳಿದರು. ಅವರು ಅಪ್ಪನ ಪರವಾಗಿಯೇ ಬಂದಿದ್ದರು. ಆದರೆ ಅವರ ಮಾತಿನಿಂದ ಆದದ್ದು ಉಲ್ಟಾ. ಪಾರ್ಟಿ ಕೊಟ್ಟದ್ದು ನಿಜವಾದರೆ, ಮುನೀಮ ಇಸಕೊಂಡದ್ದು ನಿಜವಾದರೆ, ವಹಿಯಲ್ಲಿ ಇಲ್ಲದ ದುಡ್ಡು ಎಲ್ಲಿ? ಒಟ್ಟು 1,85,200 ರೂಪಾಯಿ. ಈ ಅಂಕಿ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಪೊಲೀಸು, ಕೋರ್ಟು ಏನೂ ಆಗಲಿಲ್ಲ. ಸೇಠರು ಜೋರಾಗಿ ಒಂದು ಮಾತೂ ಆಡಲಿಲ್ಲವಂತೆ. ಅಪ್ಪ ಅಂಗಡಿಯಲ್ಲೇ ಜಮಾ ಇಟ್ಟಿದ್ದ 52 ಸಾವಿರ ವಾಪಸು ಬರಲಿಲ್ಲ, ದೀಪಾವಳಿಗೆ ಕರೆಯೂ ಬರಲಿಲ್ಲ. ಆಮೇಲೆ ಅಪ್ಪ ಊರಲ್ಲೇ ಸಣ್ಣ ಕಿರಾಣಿ ಇಟ್ಟರು. ಮಾಲನ್ನು ಕಲಬುರಗಿಯಿಂದ ತರಿಸುತ್ತಿದ್ದರು. ಹೈದರಾಬಾದು ಬಿಟ್ಟು ಯಾಕೆ ಅಲ್ಲಿಂದ ಎಂದು ಯಾರಾದರೂ ಕೇಳಿದರೆ, "ಅಲ್ಲಿ ಮೆಣಸಿನಕಾಯಿ ಚೊಲೊ ಸಿಗ್ತಾವ" ಎನ್ನುತ್ತಿದ್ದರು.

ಕಂಪ್ಯೂಟರಿಗೆ 500 ರೂಪಾಯಿ ಕೊಟ್ಟೆ. ಅವರು ಬೇಡವೆಂದರು, ನಾನು ಬಿಡಲಿಲ್ಲ.

ಮನೆಗೆ ತಂದು ಮುಚ್ಚಳ ಬಿಚ್ಚಿದಾಗ ಮೊದಲು ಬಂದದ್ದು ಸೀನು. ಪವರ್ ಸಪ್ಲೈ ಫ್ಯಾನಿನ ರೆಕ್ಕೆಗಳ ಮೇಲೆ ಅರಿಶಿನ, ಖಾರದ ಪುಡಿ ಸೇರಿ ಇಟ್ಟಿಗೆ ಬಣ್ಣದ ಪದರ ಕಟ್ಟಿತ್ತು. ಇಪ್ಪತ್ತೈದು ವರ್ಷದ ಮೇಲೂ ಘಾಟು ಹೋಗಿರಲಿಲ್ಲ. ಹೆಂಡತಿ ಬಾಲ್ಕನಿಗೆ ಓಡಿಸಿದಳು. ಅಲ್ಲೇ ಸ್ಟೂಲಿನ ಮೇಲೆ ಇಟ್ಟು ಒಂದೊಂದೇ ನೋಡುತ್ತ ಬಂದೆ.

ಪ್ರೊಸೆಸರ್ ಇಂಟೆಲ್ 486 ಡಿಎಕ್ಸ್2, 66 ಮೆಗಾಹರ್ಟ್ಸ್. ಹೊರಗಿನ ಬಸ್ಸು 33ರಲ್ಲಿ ಓಡುತ್ತದೆ, ಚಿಪ್ಪು ಒಳಗೆ ಅದನ್ನು ದುಪ್ಪಟ್ಟು ಮಾಡಿಕೊಳ್ಳುತ್ತದೆ. ಅದಕ್ಕೇ ಹೆಸರಿನ ಕೊನೆಗೆ 2. ಸುಮಾರು 12 ಲಕ್ಷ ಟ್ರಾನ್ಸಿಸ್ಟರ್, ಒಳಗೆ 8 ಕೆ.ಬಿ. ಕ್ಯಾಶ್. ಮೆಮೊರಿ 8 ಎಂ.ಬಿ., ಅದೂ 1 ಎಂ.ಬಿ.ಯ ಎಂಟು ಪಟ್ಟಿಗಳು. 30 ಪಿನ್ನಿನ ಆ ಪಟ್ಟಿ ಒಂದು ಸಲಕ್ಕೆ 8 ಬಿಟ್ ಮಾತ್ರ ಕೊಡುತ್ತದೆ, 486ಕ್ಕೆ 32 ಬೇಕು. ಹಾಗಾಗಿ ನಾಲ್ಕು ನಾಲ್ಕಾಗಿಯೇ ಹಾಕಬೇಕು, ಮೂರು ಹಾಕಿದರೆ ಜಗ್ಗುವುದಿಲ್ಲ. ನನ್ನ ಜೇಬಿನ ಫೋನಿನಲ್ಲಿ 8 ಜಿ.ಬಿ. ಇದೆ, ಅಂದರೆ ಇಂಥ 1024 ಡಬ್ಬಗಳ ಮೆಮೊರಿ. 1.44 ಎಂ.ಬಿ.ಯ ಫ್ಲಾಪಿ ಡ್ರೈವ್ ಒಂದು. ಸಿ.ಡಿ. ಇಲ್ಲ, ಸೌಂಡ್ ಇಲ್ಲ. ಹಾರ್ಡ್ ಡಿಸ್ಕ್ ಕಾನರ್ ಕಂಪನಿಯದು, 420 ಎಂ.ಬಿ. ಆ ಕಂಪನಿಯನ್ನು 1996ರಲ್ಲಿ ಸೀಗೇಟ್ ಕೊಂಡುಕೊಂಡಿತು.

ಪವರ್ ಸಪ್ಲೈ ಹಳೇ ಎಟಿ ಮಾದರಿ. ಬೋರ್ಡಿಗೆ ಬರುವ ತಂತಿಗಳು ಪಿ8, ಪಿ9 ಎಂಬ ಎರಡು ಕನೆಕ್ಟರುಗಳಲ್ಲಿ ಬರುತ್ತವೆ. ಅದಲು ಬದಲಾಗಿಯೂ ಕೂರುತ್ತವೆ, ಕೂರಿಸಿದರೆ ಬೋರ್ಡು ಸುಟ್ಟಂತೆಯೇ. ಎರಡರ ಕಪ್ಪು ತಂತಿಗಳು ನಡುವೆ ಅಕ್ಕಪಕ್ಕ ಬರಬೇಕು ಎಂಬುದೊಂದೇ ರಕ್ಷೆ. ಮುಂದಿನ ಸ್ವಿಚ್ಚಿನವರೆಗೂ 230 ವೋಲ್ಟ್ ಕರೆಂಟು ನೇರವಾಗಿ ಬರುತ್ತದೆ. ಇದನ್ನು ತಯಾರಿಸಿದವರು ಬಳಸುವವರ ಬುದ್ಧಿಯ ಮೇಲೆ ಬಹಳ ಭರವಸೆ ಇಟ್ಟಿದ್ದರು.

ಮದರ್‌ಬೋರ್ಡಿನ ಮೂಲೆಯಲ್ಲಿ, ಕೀಬೋರ್ಡ್ ಸಾಕೆಟ್ಟಿನ ಹತ್ತಿರ, ಬ್ಯಾಟರಿ. ಈಗಿನ ನಾಣ್ಯದಂಥ ಸೆಲ್ ಅಲ್ಲ. ನೀಲಿ ಪೀಪಾಯಿಯಂಥ ನಿಕಲ್-ಕ್ಯಾಡ್ಮಿಯಂ, 3.6 ವೋಲ್ಟ್, ಬೋರ್ಡಿಗೇ ಬೆಸುಗೆ ಹಾಕಿದ್ದು. ಅದು ಒಡೆದು ಹಸಿರು ಕಿಲುಬು ಸುತ್ತ ಹರಡಿತ್ತು. ಆ ಕಾಲದ ಬೋರ್ಡುಗಳು ಹಾಳಾಗುವುದು ಹೆಚ್ಚಾಗಿ ಇದರಿಂದಲೇ. ಒಳಗಿನ ಕ್ಷಾರ ಸೋರಿ ತಾಮ್ರದ ಗೆರೆಗಳನ್ನು ತಿಂದುಬಿಡುತ್ತದೆ. ಕಂಪ್ಯೂಟರ್ ಆರಿರುವಾಗ ಗಡಿಯಾರ ನಡೆಸುವುದು, ಡಿಸ್ಕಿನ ವಿವರ ನೆನಪಿಡುವುದು ಈ ಬ್ಯಾಟರಿಯ ಕೆಲಸ. ಆನ್ ಇದ್ದಾಗ ಚಾರ್ಜ್ ಆಗುತ್ತದೆ, ಆಫ್ ಇದ್ದಾಗ ಖರ್ಚಾಗುತ್ತದೆ.

ಕಿಲುಬನ್ನು ವಿನೆಗರ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸುತ್ತಿದ್ದಾಗ, ಕಳಚಿಟ್ಟ ಮುಚ್ಚಳದ ಒಳಮೈ ಬಿಸಿಲಿಗೆ ತಿರುಗಿತು. ಅಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು. ಮೂರೇ ಅಂಕಿ: ೮೨೬, ೧೬, ೬೩.

ಕನ್ನಡದ ಅಂಕಿಗಳು. ಅಪ್ಪ ಹುಟ್ಟಿದ್ದು 1950ರಲ್ಲಿ, ಆಗ ಬೀದರ ನಿಜಾಮರ ಹೆಸರಿನ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಅವರು ಶಾಲೆಗೆ ಸೇರಿದ್ದು ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ 1956ರಲ್ಲಿ. ಕನ್ನಡದಲ್ಲೇ ಮಗ್ಗಿ ಕಲಿತವರು. ಅಂಗಡಿಯ ವಹಿ ಹಿಂದಿಯಲ್ಲಿದ್ದರೂ ತಮ್ಮ ಸ್ವಂತ ನೆನಪಿಗೆ ಬರೆದುಕೊಳ್ಳುವುದೆಲ್ಲ ಕನ್ನಡ ಅಂಕಿಯಲ್ಲೇ. ಎಂಟರ ಬಾಲ ಸ್ವಲ್ಪ ಮೇಲಕ್ಕೆ. ನನ್ನ ಅಂಕಪಟ್ಟಿಗಳ ಮೇಲೆ ಅವರು ಕೂಡಿಸಿ ನೋಡಿದ ಗುರುತುಗಳಲ್ಲೂ ಅದೇ ಎಂಟು.

ಆ ಕ್ಷಣಕ್ಕೆ ಅರ್ಥವಾಗಲಿಲ್ಲ. ಅರ್ಥವಾದದ್ದು ಡಿಸ್ಕ್ ಓದಲು ಹೊರಟಾಗ. ನನ್ನಲ್ಲಿದ್ದ ಯುಎಸ್‌ಬಿ ಅಡಾಪ್ಟರ್ ಆ ಡಿಸ್ಕನ್ನು ಗುರುತಿಸಲೇ ಇಲ್ಲ. ಅಷ್ಟು ಹಳೆಯ ಡಿಸ್ಕುಗಳ ಜೊತೆ ಮಾತಾಡುವ ರೀತಿಯೇ ಬೇರೆ. ಈಗಿನಂತೆ ಸೊನ್ನೆಯಿಂದ ಸಾಲಾಗಿ ನಂಬರ್ ಕೊಡುವುದಲ್ಲ, ಎಷ್ಟನೇ ಸಿಲಿಂಡರ್, ಎಷ್ಟನೇ ಹೆಡ್, ಎಷ್ಟನೇ ಸೆಕ್ಟರ್ ಎಂದು ವಿಳಾಸ ಹೇಳಬೇಕು. ಆಗಿನ ಬಯೋಸ್ 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್ ದಾಟಿ ಎಣಿಸುತ್ತಿರಲಿಲ್ಲ. ಒಂದೊಂದು ಸೆಕ್ಟರಿಗೆ 512 ಬೈಟ್, ಗುಣಿಸಿದರೆ 52,84,82,304. ಅದಕ್ಕೇ ಆ ಕಾಲದಲ್ಲಿ 528 ಎಂ.ಬಿ. ದೊಡ್ಡ ಗೋಡೆ. ಈ ಡಿಸ್ಕು ಗೋಡೆಯ ಈಚೆಯದು. 826 ಸಿಲಿಂಡರ್, 16 ಹೆಡ್, 63 ಸೆಕ್ಟರ್: 42,62,95,296 ಬೈಟು.

ಈ ಮೂರು ಅಂಕಿಗಳನ್ನು ಬಯೋಸ್ ನೆನಪಿಟ್ಟುಕೊಳ್ಳುವುದು ಬ್ಯಾಟರಿ ಇರುವ ತನಕ. ಬ್ಯಾಟರಿ ಸತ್ತರೆ ಡಿಸ್ಕೇ ಇಲ್ಲವೆನ್ನುತ್ತದೆ. ಆಗ ಸೆಟಪ್ಪಿಗೆ ಹೋಗಿ 47ನೇ ಟೈಪ್ ಆರಿಸಿ ಮೂರನ್ನೂ ಕೈಯಾರೆ ಹೊಡೆಯಬೇಕು. ಮುನೀಮನೊಬ್ಬ ಇವನ್ನು ಬರೆದಿಟ್ಟುಕೊಂಡಿದ್ದಾನೆಂದರೆ, ಮತ್ತೆ ಮತ್ತೆ ಹೊಡೆಯಬೇಕಾಗಿ ಬಂದಿತ್ತು ಎಂದೇ ಅರ್ಥ.

ಅದೇ ರಾತ್ರಿ ಬೀದರಿಗೆ ಫೋನ್ ಹಚ್ಚಿದೆ. ಕಂಪ್ಯೂಟರ್ ತಂದದ್ದು ಹೇಳಲಿಲ್ಲ. ಸುಮ್ಮನೆ ಕೇಳಿದೆ, "ಅಪ್ಪಾ, 826, 16, 63 ಅಂದ್ರ ಏನು?"

ಒಂದು ನಿಮಿಷ ಸುಮ್ಮನಿದ್ದರು. "ಸೋಮಾರದ ಮಂತ್ರ ಅದು" ಎಂದರು. "ಸೋಮಾರ ಮುಂಜಾನಿ ಅಂಗಡಿ ತೆಗದ್ರ ಆ ಡಬ್ಬಿ ಏಳ್ತಿರಲಿಲ್ಲ. ರಿಪೇರಿ ಹುಡುಗ ಬಂದು ಈ ಮೂರ್ ನಂಬರ್ ಹೊಡೀರಿ ಅಂತ ಹೇಳಿ ಹೋಗಿದ್ದ. ಹೊಡದ್ರ ಏಳ್ತಿತ್ತು. ನಿನಗ್ಯಾರು ಹೇಳಿದ್ರು?"

ಉಳಿದದ್ದನ್ನು ನಾನು ತುಂಡು ತುಂಡಾಗಿ ಕೂಡಿಸಿಕೊಂಡೆ. ಹಾಳಾದ ಬ್ಯಾಟರಿ ಕಿತ್ತು ಬೋರ್ಡಿನ ಪಿನ್ನುಗಳಿಗೆ ಮೂರು ಸೆಲ್ಲಿನ ಪೆಟ್ಟಿಗೆ ಜೋಡಿಸಿದೆ. ಹಳೇ ದುಂಡು ಪಿನ್ನಿನ ಕೀಬೋರ್ಡ್ ನನ್ನಲ್ಲಿರಲಿಲ್ಲ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಪರಿಚಯವಾದ ಹಿರಿಯರೊಬ್ಬರು ತಮ್ಮ ಮನೆಯ ಮಂಚದ ಕೆಳಗಿನಿಂದ ತೆಗೆದುಕೊಟ್ಟರು, ಜೊತೆಗೆ ಹತ್ತು ಫ್ಲಾಪಿ. ಮಾನಿಟರ್ ಮಾತ್ರ ನನ್ನದೇ ನಡೆಯಿತು, ವಿಜಿಎ ಕೇಬಲ್ ಇನ್ನೂ ಅದೇ 15 ಪಿನ್ನು. ಭಾನುವಾರ ಮಧ್ಯಾಹ್ನ ಸ್ವಿಚ್ ಹಾಕಿದೆ. ಎಂಟು ಎಂ.ಬಿ. ಎಣಿಸಿತು. ಸೆಟಪ್ಪಿನಲ್ಲಿ ಅಪ್ಪನ ಮೂರು ಅಂಕಿ ಹೊಡೆದೆ. ಡಿಸ್ಕ್ ಕಿರ್ ಎಂದು ಎದ್ದಿತು. ನೇರವಾಗಿ ಅಂಗಡಿಯ ಲೆಕ್ಕದ ಪ್ರೋಗ್ರಾಂ ತೆರೆದುಕೊಂಡಿತು. ನೀಲಿ ಪರದೆ, ಮೇಲೆ ಗಣೇಶನ ಹೆಸರು.

ಈ "ನೇರವಾಗಿ" ಎಂಬುದರಲ್ಲೇ ಎಡವಟ್ಟಿತ್ತು. ಡಾಸ್‌ಗೆ ಆಟೋಎಕ್ಸೆಕ್ ಎಂಬ ಫೈಲ್ ಇಲ್ಲದಿದ್ದರೆ, ಏಳುವಾಗ ಅದು ತಾರೀಖು ಏನು, ಗಂಟೆ ಎಷ್ಟು ಎಂದು ಕೇಳುತ್ತದೆ. ಆ ಫೈಲ್ ಇದ್ದರೆ ಕೇಳುವುದಿಲ್ಲ, ಅದರಲ್ಲಿ ಬರೆದ ಕೆಲಸ ಶುರು ಮಾಡುತ್ತದೆ. ಪ್ರೋಗ್ರಾಂ ಬರೆದುಕೊಟ್ಟ ಹುಡುಗ, ಮುನೀಮರಿಗೆ ತೊಂದರೆಯಾಗದಿರಲಿ ಎಂದು, ಏಳುತ್ತಲೇ ತನ್ನ ಫಾಕ್ಸ್‌ಪ್ರೊ ಪ್ರೋಗ್ರಾಂ ತೆರೆಯುವಂತೆ ಆ ಫೈಲ್ ಇಟ್ಟಿದ್ದ. ಜಮಾ ಬರೆಯುವಾಗ ತಾರೀಖು ಹೊಡೆಯುವ ಕಷ್ಟವೂ ಬೇಡವೆಂದು ಅದನ್ನು ಯಂತ್ರದ ಗಡಿಯಾರದಿಂದ ತಾನೇ ತೆಗೆದುಕೊಳ್ಳುವಂತೆ ಮಾಡಿದ್ದ. ಪರದೆಯ ಮೇಲೆ ಪಾರ್ಟಿಯ ಹೆಸರು, ಮೊತ್ತ, ಎರಡೇ ಖಾನೆ. ನಾನೂ ಪ್ರೋಗ್ರಾಂ ಬರೆದೇ ಹೊಟ್ಟೆ ಹೊರೆಯುವವನು, ಅವನ ಜಾಗದಲ್ಲಿದ್ದರೆ ನಾನೂ ಇದನ್ನೇ ಮಾಡುತ್ತಿದ್ದೆ.

ಬ್ಯಾಟರಿ ಸೋತ ಯಂತ್ರಕ್ಕೆ ಇವತ್ತು ಯಾವತ್ತು ಎಂದು ಗೊತ್ತಿರುವುದಿಲ್ಲ. ಡಾಸ್‌ನ ಪಂಚಾಂಗ ಶುರುವಾಗುವುದೇ 1980ರ ಜನವರಿ 1ರಿಂದ, ಅಲ್ಲಿಗೇ ಹೋಗಿ ಕೂರುತ್ತದೆ. ಸೋತ ಬ್ಯಾಟರಿ ಒಂದು ರಾತ್ರಿ ತಡೆಯುತ್ತಿತ್ತು. ಶನಿವಾರ ಸಂಜೆಯಿಂದ ಸೋಮವಾರದ ತನಕ ತಡೆಯುತ್ತಿರಲಿಲ್ಲ. ಭಾನುವಾರ ಬಜಾರಿಗೆ ರಜೆ.

ಲೆಕ್ಕದ ಫೈಲನ್ನು ಫ್ಲಾಪಿಗೆ ಇಳಿಸಿಕೊಂಡೆ. ಎಂಟು ಸಾವಿರ ಚಿಲ್ಲರೆ ದಾಖಲೆ, 540 ಕೆ.ಬಿ., ಒಂದೇ ಫ್ಲಾಪಿಯಲ್ಲಿ ಹಿಡಿಸಿತು. ಡಿಬಿಎಫ್ ಫೈಲಿನ ಒಂದು ಗುಣವೆಂದರೆ ಅದು ಬಹಳ ಸರಳ. ತಾರೀಖನ್ನು ಎಂಟು ಅಂಕಿಯಾಗಿ, ವರ್ಷ, ತಿಂಗಳು, ದಿನ ಎಂದು ಸಾದಾ ಅಕ್ಷರದಲ್ಲೇ ಬರೆದಿರುತ್ತದೆ. ದಾಖಲೆಗಳು ಬರೆದ ಕ್ರಮದಲ್ಲೇ ಒಂದರ ಕೆಳಗೊಂದು ಇರುತ್ತವೆ. ಯಾರಾದರೂ ಅಳಿಸಿದರೂ ಅದು ಕೂಡಲೇ ಹೋಗುವುದಿಲ್ಲ, ಸಾಲಿನ ಮೊದಲು ಒಂದು ನಕ್ಷತ್ರ ಬೀಳುತ್ತದೆ, ಅಷ್ಟೇ. ನಾನು ಮೊದಲು ಹುಡುಕಿದ್ದು ನಕ್ಷತ್ರವನ್ನು. ಯಾಕೆ ಎಂದು ಹೇಳಲು ನಾಚಿಕೆಯಾಗುತ್ತದೆ. ಅಪ್ಪನ ಮೇಲೆ ನನಗೆ ಸಂಶಯವಿತ್ತೆಂದಲ್ಲ. ಸಂಶಯವೇ ಇರಲಿಲ್ಲವೆಂದೂ ಅಲ್ಲ.

ನಕ್ಷತ್ರ ಒಂದೂ ಇರಲಿಲ್ಲ.

19980606 ಎಂಬ ಸಾಲು, ಶನಿವಾರ. ಅದರ ಕೆಳಗೆ 19800101, ಹುಮನಾಬಾದದ ಪಾರ್ಟಿ, ಜಮಾ 6,300. ಮತ್ತೆ 19800101, ಚಿಟಗುಪ್ಪದ ಪಾರ್ಟಿ, 4,150. ಅದರ ಕೆಳಗೆ 19980608. ಸೋಮವಾರವೇ, ಆದರೆ ಇದು ಬಿಲ್ಲಿನ ಸಾಲು, ತಾರೀಖು ಸರಿಯಿದೆ. ಬಿಲ್ಲು ಹೊಡೆಯುತ್ತಿದ್ದದ್ದು ಸೇಠರ ಸಂಬಂಧಿಕ ಹುಡುಗ, ಬರುತ್ತಿದ್ದದ್ದು ಹನ್ನೊಂದರ ಮೇಲೆ. ಬಿಲ್ಲಿನ ಮೇಲೆ ತಾರೀಖು ಛಾಪಾಗುತ್ತದಲ್ಲ, ತಪ್ಪು ಕಂಡು ಸರಿಮಾಡುತ್ತಿದ್ದ. ತನ್ನ ಕೆಲಸ ಸರಿಮಾಡಿಕೊಂಡ, ಯಾರಿಗೂ ಹೇಳಲಿಲ್ಲ. ಅಷ್ಟರೊಳಗೆ ಅಪ್ಪ ಶನಿವಾರ ಸಂಜೆ ಬಂದ ವಸೂಲಿಯನ್ನೆಲ್ಲ ನಸುಕಿನಲ್ಲೇ ಬರೆದು ಮುಗಿಸಿರುತ್ತಿದ್ದರು. 1998ರ ಏಪ್ರಿಲ್‌ನಿಂದ 1999ರ ಮಾರ್ಚ್ ತನಕ ಎಂದು ವರದಿ ಕೇಳಿದರೆ, 1980ರಲ್ಲಿ ಕೂತ ಜಮಾ ಅದರಲ್ಲಿ ಹೇಗೆ ಬಂದೀತು?

ದುಡ್ಡು ಎಲ್ಲೂ ಹೋಗಿರಲಿಲ್ಲ. ಅವತ್ತವತ್ತೇ ಗಲ್ಲಾಕ್ಕೆ ಹೋಗಿತ್ತು, ಗಲ್ಲಾದಿಂದ ಸೇಠರ ಚೀಲಕ್ಕೆ. ಗಲ್ಲಾದಲ್ಲಿ ಹೆಚ್ಚಿಗೆ ಬಂದಿದೆಯೇ ಎಂದು ಯಾರೂ ಎಣಿಸಲಿಲ್ಲ, ಎಲ್ಲರೂ ನೋಡಿದ್ದು ಕಂಪ್ಯೂಟರಿನ ಕಾಗದ. ಕೈಬರಹದ ರೋಕಡ್ ವಹಿ ಇದ್ದಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಕಂಪ್ಯೂಟರ್ ಬಂದ ಎರಡನೇ ವರ್ಷವೇ, ಎರಡೆರಡು ಯಾಕೆ ಎಂದು ವಹಿ ನಿಲ್ಲಿಸಿದ್ದರು. ಅದೇ 1999ರಲ್ಲಿ ಇದೇ ಊರಿನ ಅಮೀರ್‌ಪೇಟೆಯ ಗಲ್ಲಿಗಳಲ್ಲಿ ಸಾವಿರಾರು ಹುಡುಗರು ಕೋಬಾಲ್ ಕಲಿಯುತ್ತಿದ್ದರು, ವೈಟುಕೆ ಬರುತ್ತಿದೆ, ಕಂಪ್ಯೂಟರುಗಳು 2000ವನ್ನು 1900 ಎಂದು ತಿಳಿದುಬಿಡುತ್ತವೆ ಎಂದು. ಅಮೆರಿಕದ ಬ್ಯಾಂಕುಗಳ ತಾರೀಖು ಸರಿಮಾಡಲು ಹೈದರಾಬಾದಿನಿಂದ ವಿಮಾನ ತುಂಬಿ ಜನ ಹೋದರು.

1980ನೇ ಇಸವಿಯ ಸಾಲುಗಳು ಒಟ್ಟು 41. ಕೂಡಿಸಿದೆ: 1,86,450.

1,85,200 ಬರಬೇಕಿತ್ತು. 1,250 ಹೆಚ್ಚಿಗೆ. ಮೂರು ಸಲ ಕೂಡಿಸಿದೆ, ಅಷ್ಟೇ ಬಂತು. ಇದನ್ನು ಬಗೆಹರಿಸಿಕೊಂಡೇ ಅಪ್ಪನಿಗೆ ಹೇಳೋಣವೆಂದುಕೊಂಡಿದ್ದೆ, ಆಗಲಿಲ್ಲ. ಮುಂದಿನ ಶನಿವಾರ 41 ಸಾಲುಗಳನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದುಕೊಂಡು ಊರಿಗೆ ಹೋದೆ.

ಅಪ್ಪನಿಗೆ ಈಗ 75. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಬ್ಯಾಟರಿ, 1980, ಆಟೋಎಕ್ಸೆಕ್ ಎಲ್ಲ ಹೇಳಿದೆ. ನಡುವೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವ್ವ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವರು ಅವಳ ಕಡೆ ನೋಡಿ, "ಚಾ ಮಾಡು ಹೋಗು" ಎಂದರು. ನನಗೆ, "ಹೆಸರು ಓದು" ಎಂದರು.

ಓದುತ್ತ ಹೋದೆ. ಒಂದೊಂದು ಹೆಸರಿಗೂ ತಲೆಯಾಡಿಸಿದರು. ಹುಮನಾಬಾದದವರ ಹೆಸರು ಬಂದಾಗ, "ಆ ಮನಷ್ಯಾ ನನ್ನ ಸಲುವಾಗಿ ಬಸ್ ಹತ್ತಿ ಬಂದಿದ್ದ. ಈಗ ಇಲ್ಲ" ಎಂದರು.

"ಸೇಠ್‌ರ ಮಗಗ ಹೇಳಬೇಕಲ್ಲ ಅಪ್ಪಾ, 52 ಸಾವಿರ..."

"ತಾ ಇಲ್ಲಿ" ಎಂದು ಕಾಗದ ಇಸಕೊಂಡರು. ಕನ್ನಡಕ ಒರೆಸಿ ಹಾಕಿಕೊಂಡು, ಅಂಗಿಯ ಜೇಬಿನಿಂದ ಪೆನ್ನು ತೆಗೆದು, ಕೆಳಗಿನಿಂದ ಮೇಲಕ್ಕೆ ಕೂಡಿಸತೊಡಗಿದರು. ತುಟಿ ಅಲ್ಲಾಡುತ್ತಿತ್ತು. ಪ್ರತಿ ಹತ್ತು ಸಾಲಿಗೊಂದು ಸಣ್ಣ ಗೀಟು, ಪಕ್ಕದಲ್ಲಿ ಕನ್ನಡದ ಅಂಕಿ. ಚಹಾ ಬಂತು, ಆರಿತು. ಎರಡನೇ ಸಲ ಮೇಲಿನಿಂದ ಕೆಳಕ್ಕೆ ಬರುವಾಗ ನಡುವೆ ಒಂದು ಕಡೆ ಪೆನ್ನು ನಿಂತಿತು. ಭಾಲ್ಕಿಯ ಪಾರ್ಟಿ, 1,250. ಅದರ ಕೆಳಗೇ ಮತ್ತೆ ಭಾಲ್ಕಿಯ ಅದೇ ಪಾರ್ಟಿ, 1,250. ನಾನು ಎರಡು ಸಲದ ಪಾವತಿ ಎಂದುಕೊಂಡು ದಾಟಿಹೋಗಿದ್ದೆ.

"ಇದು ಎರಡು ಸಲ ಹೊಡದೀನಿ" ಎಂದರು. "ನಡಕ ಲೈಟ್ ಹೋಗಿರಬೇಕು. ಮ್ಯಾಲಿಂದು ಬರದದೋ ಇಲ್ಲೋ ಅಂತ ಮತ್ತ ಹೊಡದೀನಿ. ಇದೊಂದು ನಂದೇ ತಪ್ಪದ ನೋಡು."

ಎರಡನೆಯ ಸಾಲಿನ ಮೇಲೆ ಗೆರೆ ಎಳೆದು, ಕೆಳಗೆ ಮೊತ್ತವನ್ನು ತಿದ್ದಿ ಬರೆದರು. ೧,೮೫,೨೦೦. ಎಂಟರ ಬಾಲ ಸ್ವಲ್ಪ ಮೇಲಕ್ಕೆ.